ಕ್ಯಾನಿಗೆ ಮೂರು ಸೆಂಟ್ ತೆರಿಗೆ: ಪಾನೀಯ ಕಂಪೆನಿಗಳ ಲಾಬಿ ಮತ್ತು ಬಡವರ ಮೇಲೆ ಬಿದ್ದ ಭಾರ

ಅಮೆರಿಕದ ಕೇಂದ್ರ ಸರಕಾರದ ಮೇಲೆ ಪ್ರಭಾವ ಬೀರಲು ಅಲ್ಲಿನ ದೊಡ್ಡ ಕಂಪೆನಿಗಳು ಎಷ್ಟು ಹಣ ಖರ್ಚು ಮಾಡಿದವು ಎಂಬ ಲೆಕ್ಕ ಮೂರು ತಿಂಗಳಿಗೊಮ್ಮೆ ಬಹಿರಂಗವಾಗುತ್ತದೆ. ಇಂತಿಂಥ ಆಹಾರ ಕಂಪೆನಿ ಈ ಅವಧಿಯಲ್ಲಿ ಇಷ್ಟು ಲಕ್ಷ ಡಾಲರ್ ವೆಚ್ಚ ಮಾಡಿದೆ ಎಂಬ ನಾಲ್ಕು ಸಾಲಿನ ಸುದ್ದಿ ವಾಣಿಜ್ಯ ಪುಟದ ಮೂಲೆಯಲ್ಲಿ ಬಂದು ಹೋಗುತ್ತದೆ. ‘ಇದೆಲ್ಲ ದೊಡ್ಡವರ ವ್ಯವಹಾರ’ ಎಂದು ನಾವು ಪುಟ ತಿರುವಿಬಿಡುತ್ತೇವೆ. ಆದರೆ ಆ ಸಣ್ಣ ಸುದ್ದಿಯ ಹಿಂದೆ ದೊಡ್ಡದೊಂದು ಪ್ರಶ್ನೆ ಇದೆ. ಜನರ ಆರೋಗ್ಯಕ್ಕೆ ಸಂಬಂಧಿಸಿದ ಕಾನೂನು ರೂಪುಗೊಳ್ಳುವಾಗ ಯಾರ ಮಾತು ಕೇಳಿಸುತ್ತದೆ? ಕೊನೆಗೆ ಅದರ ಭಾರ ಯಾರ ತಲೆಯ ಮೇಲೆ ಬೀಳುತ್ತದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು 2009ರಲ್ಲಿ ವಾಷಿಂಗ್ಟನ್ ನಗರದಲ್ಲಿ ನಡೆದ ಒಂದು ಪ್ರಕರಣವನ್ನು ನಾವು ಆಯ್ದುಕೊಂಡಿದ್ದೇವೆ. ಸಕ್ಕರೆ ಬೆರೆಸಿದ ತಂಪು ಪಾನೀಯಗಳ ಮೇಲೆ ಹಾಕಬೇಕೆಂದಿದ್ದ ತೆರಿಗೆಯೊಂದು ಆ ವರ್ಷ ಬಾರದೆ ಹೋಯಿತು. ಹದಿನಾರು ವರ್ಷಗಳ ಬಳಿಕ, 2025ರಲ್ಲಿ, ಅದೇ ಪಾನೀಯಗಳ ಮೇಲೆ ಬೇರೊಂದು ರೂಪದ ನಿರ್ಬಂಧ ಬಂತು. ಇವೆರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಮಾತ್ರ ಲಾಬಿ ಹಣದ ನಿಜವಾದ ಪರಿಣಾಮ ತಿಳಿಯುತ್ತದೆ.

ಲಾಬಿ ಲೆಕ್ಕದಲ್ಲಿ ಏನಿದೆ, ಏನಿಲ್ಲ?

ನಮ್ಮಲ್ಲಿ ‘ವಶೀಲಿ’ ಎಂಬ ಮಾತಿದೆ. ಅದರಲ್ಲಿ ಗುಟ್ಟಿನ ವಾಸನೆ ಇದೆ. ಅಮೆರಿಕದಲ್ಲಿ ಲಾಬಿ ಮಾಡುವುದು ಬಹಿರಂಗವಾದ, ಕಾನೂನುಬದ್ಧವಾದ ವೃತ್ತಿ. ಸರಕಾರದ ಮುಂದೆ ತನ್ನ ಅಹವಾಲು ಹೇಳಿಕೊಳ್ಳುವ ಹಕ್ಕನ್ನು ಆ ದೇಶದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲನೇ ತಿದ್ದುಪಡಿಯೇ ನೀಡಿದೆ. ಆದುದರಿಂದ ಲಾಬಿಯನ್ನು ಲಂಚ ಎನ್ನುವಂತಿಲ್ಲ. ಸಂಸದರಿಗೆ ಹಣ ಕೊಟ್ಟು ಮತ ಕೊಳ್ಳುವುದು ಅಲ್ಲಿಯೂ ಅಪರಾಧವೇ. ಲಾಬಿಯ ಹಣ ಹೋಗುವುದು ಮುಖ್ಯವಾಗಿ ಸಂಸದರನ್ನು, ಅವರ ಸಿಬಂದಿಯನ್ನು, ಇಲಾಖೆಗಳ ಅಧಿಕಾರಿಗಳನ್ನು ಕಂಡು ಮಾತನಾಡಿ ಮನವೊಲಿಸುವವರ ಸಂಬಳಕ್ಕೆ ಮತ್ತು ಶುಲ್ಕಕ್ಕೆ.

1995ರ ಲಾಬಿ ಬಹಿರಂಗ ಕಾಯ್ದೆಯಂತೆ ಇಂಥ ಕೆಲಸ ಮಾಡುವವರು ನೋಂದಾಯಿಸಿಕೊಳ್ಳಬೇಕು. 2007ರಲ್ಲಿ ಕಾನೂನು ಬಿಗಿಯಾಯಿತು. ಅದುವರೆಗೆ ಆರು ತಿಂಗಳಿಗೊಮ್ಮೆ ಕೊಡುತ್ತಿದ್ದ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕಾಯಿತು. ಸಂಸತ್ತಿನ ಎರಡೂ ಸದನಗಳ ಕಚೇರಿಗಳಿಗೆ ಸಲ್ಲಿಕೆಯಾಗುವ ಈ ವರದಿಯನ್ನು ಯಾರು ಬೇಕಾದರೂ ಓದಬಹುದು. ಎಷ್ಟು ಹಣ, ಯಾವ ವಿಷಯ, ಯಾವ ಮಸೂದೆ, ಕಂಪೆನಿಯ ಪರ ಕೆಲಸ ಮಾಡಿದವರ ಹೆಸರೇನು ಎಂಬುದೆಲ್ಲ ಅದರಲ್ಲಿ ಇರುತ್ತದೆ.

ಆದರೆ ಇಲ್ಲದ ಸಂಗತಿಗಳೂ ಇವೆ. ಯಾವ ಸದನವನ್ನು, ಯಾವ ಇಲಾಖೆಯನ್ನು ಸಂಪರ್ಕಿಸಲಾಯಿತು ಎಂದು ಬರೆದರೆ ಸಾಕು. ಯಾವ ಸಂಸದರನ್ನು ಭೇಟಿಯಾದರು, ಎಷ್ಟು ಸಲ ಭೇಟಿಯಾದರು, ಏನು ಕೇಳಿಕೊಂಡರು ಎಂದು ಬರೆಯಬೇಕಾಗಿಲ್ಲ. ಹಣವನ್ನು ಹತ್ತು ಸಾವಿರ ಡಾಲರಿನ ಲೆಕ್ಕಕ್ಕೆ ಸರಿದೂಗಿಸಿ ತೋರಿಸಬಹುದು. ಅಲ್ಲದೆ ಲೆಕ್ಕ ಹಾಕುವ ವಿಧಾನವೂ ಒಂದೇ ಅಲ್ಲ. ಒಂದು ವಿಧಾನದಲ್ಲಿ ಜನಾಭಿಪ್ರಾಯ ಮೂಡಿಸುವ ಜಾಹೀರಾತಿನ ಖರ್ಚು ಸೇರುತ್ತದೆ, ಇನ್ನೊಂದರಲ್ಲಿ ಸೇರುವುದಿಲ್ಲ. ಆದ್ದರಿಂದ ಒಂದು ಸಂಸ್ಥೆಯ ಅಂಕಿಯನ್ನು ಮತ್ತೊಂದು ಸಂಸ್ಥೆಯ ಅಂಕಿಯೊಂದಿಗೆ ಹೋಲಿಸುವಾಗ ಎಚ್ಚರಿಕೆ ಬೇಕು. ಒಂದೇ ಸಂಸ್ಥೆಯ ಅಂಕಿ ವರ್ಷದಿಂದ ವರ್ಷಕ್ಕೆ ಹೇಗೆ ಏರಿತು, ಯಾವಾಗ ಇಳಿಯಿತು ಎಂದು ನೋಡುವುದು ಹೆಚ್ಚು ಪ್ರಯೋಜನಕಾರಿ.

2009ರಲ್ಲಿ ನಡೆದುದೇನು?

ಅಧ್ಯಕ್ಷ ಬರಾಕ್ ಒಬಾಮ ಅಧಿಕಾರಕ್ಕೆ ಬಂದ ಮೊದಲ ವರ್ಷ ಅದು. ವಿಮೆ ಇಲ್ಲದ ಕೋಟ್ಯಂತರ ಜನರಿಗೆ ಆರೋಗ್ಯ ವಿಮೆ ಒದಗಿಸುವ ಮಸೂದೆ ಸಿದ್ಧವಾಗುತ್ತಿತ್ತು. ಅದಕ್ಕೆ ಹಣ ಎಲ್ಲಿಂದ ತರುವುದು ಎಂಬ ಹುಡುಕಾಟ ನಡೆದಿತ್ತು. ಆಗ ಕೇಳಿಬಂದ ಸಲಹೆಗಳಲ್ಲಿ ಸಕ್ಕರೆ ಪಾನೀಯಗಳ ಮೇಲಿನ ತೆರಿಗೆಯೂ ಒಂದು.

ಸಲಹೆಗೆ ಕಾರಣ ಇಲ್ಲದಿರಲಿಲ್ಲ. 12 ಔನ್ಸ್, ಅಂದರೆ 355 ಮಿಲಿಲೀಟರಿನ ಒಂದು ಕ್ಯಾನ್ ಕೋಲಾದಲ್ಲಿ ಸುಮಾರು 40 ಗ್ರಾಂ ಸಕ್ಕರೆ ಇರುತ್ತದೆ. ಚಹಾ ಚಮಚದ ಲೆಕ್ಕದಲ್ಲಿ ಹತ್ತು ಚಮಚ. ಯೇಲ್ ವಿಶ್ವವಿದ್ಯಾನಿಲಯದ ಕೆಲ್ಲಿ ಬ್ರೌನೆಲ್ ಮತ್ತು ಆಗ ನ್ಯೂಯಾರ್ಕ್ ನಗರದ ಆರೋಗ್ಯ ಆಯುಕ್ತರಾಗಿದ್ದ ಥಾಮಸ್ ಫ್ರೀಡನ್ 2009ರ ಏಪ್ರಿಲಿನಲ್ಲಿ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಔನ್ಸಿಗೆ ಒಂದು ಸೆಂಟ್ ತೆರಿಗೆ ಹಾಕಬೇಕೆಂದು ವಾದಿಸಿದರು. ಸಂಸತ್ತಿನ ಬಜೆಟ್ ಕಚೇರಿ ಅದಕ್ಕಿಂತ ಬಹಳ ಕಡಿಮೆ ದರವನ್ನು, ಅಂದರೆ 12 ಔನ್ಸಿಗೆ ಮೂರು ಸೆಂಟನ್ನು, ಲೆಕ್ಕ ಹಾಕಿ ನೋಡಿತ್ತು. ಅಷ್ಟರಿಂದಲೇ ಹತ್ತು ವರ್ಷಗಳಲ್ಲಿ ಸುಮಾರು 5,000 ಕೋಟಿ ಡಾಲರ್ ಸಂಗ್ರಹವಾಗಬಹುದು ಎಂದು ಅದು ಅಂದಾಜಿಸಿತು. 2009ರ ಮೇ ತಿಂಗಳಲ್ಲಿ ಸೆನೆಟ್ಟಿನ ಹಣಕಾಸು ಸಮಿತಿ ತನ್ನ ಮುಂದಿದ್ದ ಆಯ್ಕೆಗಳ ಪಟ್ಟಿಯಲ್ಲಿ ಈ ತೆರಿಗೆಯನ್ನೂ ಸೇರಿಸಿತು. ಇದು ಯೋಚಿಸಬೇಕಾದ ವಿಷಯ ಎಂಬ ಅರ್ಥದಲ್ಲಿ ಒಬಾಮ ಕೂಡ ಒಂದು ಸಂದರ್ಶನದಲ್ಲಿ ಮಾತನಾಡಿದರು.

ಪಾನೀಯ ಉದ್ಯಮ ಎಚ್ಚೆತ್ತುಕೊಂಡಿತು. ಅಮೆರಿಕನ್ ಬೆವರೇಜ್ ಅಸೋಸಿಯೇಶನ್ ಎಂಬ ಉದ್ಯಮ ಸಂಘ 2008ರಲ್ಲಿ ಲಾಬಿಗೆ ತೋರಿಸಿದ ವೆಚ್ಚ ಸುಮಾರು 7 ಲಕ್ಷ ಡಾಲರ್. 2009ರಲ್ಲಿ ಅದು ಸುಮಾರು 1 ಕೋಟಿ 88 ಲಕ್ಷ ಡಾಲರಿಗೆ ಏರಿತು. ಆ ದಿನಗಳಲ್ಲಿ ಚೆನ್ನೈ ಮೂಲದ ಇಂದ್ರಾ ನೂಯಿ ಮುಖ್ಯಸ್ಥೆಯಾಗಿದ್ದ ಪೆಪ್ಸಿಕೋ ಕಂಪೆನಿ 2008ರಲ್ಲಿ ತೋರಿಸಿದ್ದು 10 ಲಕ್ಷ ಡಾಲರಿಗಿಂತ ತುಸು ಹೆಚ್ಚು. 2009ರಲ್ಲಿ 90 ಲಕ್ಷ ಡಾಲರಿಗೂ ಮೇಲೆ. ಕೋಕಾಕೋಲಾದ ಲೆಕ್ಕವೂ ಆ ವರ್ಷ 90 ಲಕ್ಷ ಡಾಲರ್ ದಾಟಿತು. ಮೂವರದ್ದೂ ಸೇರಿದರೆ ಸುಮಾರು 3 ಕೋಟಿ 70 ಲಕ್ಷ ಡಾಲರ್. ಆರೋಗ್ಯ ಕಾಯ್ದೆಯ ಗಲಾಟೆ ಮುಗಿದ ನಂತರದ ವರ್ಷಗಳಲ್ಲಿ ಈ ಅಂಕಿಗಳು ಮತ್ತೆ ಕೆಳಗಿಳಿದವು. ಹಣ ಯಾವುದಕ್ಕಾಗಿ ಹರಿಯಿತು ಎಂಬುದನ್ನು ಈ ಏರಿಳಿತವೇ ಹೇಳುತ್ತದೆ.

ವಾಷಿಂಗ್ಟನ್ನಿನ ಕಚೇರಿಗಳಲ್ಲಿ ಲಾಬಿ ನಡೆಯುತ್ತಿದ್ದಾಗಲೇ ಟಿವಿಯಲ್ಲಿ ಜಾಹೀರಾತುಗಳೂ ಬಂದವು. ‘ಆಹಾರ ತೆರಿಗೆ ವಿರೋಧಿ ಅಮೆರಿಕನ್ನರು’ ಎಂಬ ಅರ್ಥದ ಹೆಸರಿನ ಒಕ್ಕೂಟವೊಂದು ಹುಟ್ಟಿಕೊಂಡಿತು. ಅದರ ಬೆನ್ನ ಹಿಂದೆ ಇದ್ದುದು ಉದ್ಯಮ ಸಂಘವೇ. ಮನೆಯ ಖರ್ಚು ತೂಗಿಸಲು ಹೆಣಗುವ ಸಾಮಾನ್ಯ ಕುಟುಂಬದ ತಾಯಿಗೆ ಈ ತೆರಿಗೆ ಹೊರೆಯಾಗುತ್ತದೆ ಎಂಬುದು ಆ ಜಾಹೀರಾತುಗಳ ಸಾರ. ಕೋಲಾ ತೆರಿಗೆ ನೋಡುನೋಡುತ್ತಿದ್ದಂತೆ ದಿನಸಿ ತೆರಿಗೆಯಾಗಿ ಜನರ ಮುಂದೆ ನಿಂತಿತು.

2010ರ ಮಾರ್ಚ್ 23ರಂದು ಒಬಾಮ ಆರೋಗ್ಯ ಕಾಯ್ದೆಗೆ ಸಹಿ ಹಾಕಿದರು. ಅದರಲ್ಲಿ ಸಕ್ಕರೆ ಪಾನೀಯದ ತೆರಿಗೆ ಇರಲಿಲ್ಲ. ಆದರೆ ಚರ್ಮಕ್ಕೆ ಕಂದು ಬಣ್ಣ ಬರಿಸಿಕೊಳ್ಳಲು ವಿದ್ಯುತ್ ದೀಪಗಳ ಕೆಳಗೆ ಮಲಗಿಸುವ ಸಲೂನುಗಳ ಸೇವೆಯ ಮೇಲೆ ಶೇ. 10 ತೆರಿಗೆ ಇತ್ತು. ಎರಡಕ್ಕೂ ಆರೋಗ್ಯದ ಕಾರಣವೇ ಇತ್ತು. ಆದರೆ ಸಲೂನು ಮಾಲಕರಿಗೆ ಪೆಪ್ಸಿಕೋದಷ್ಟು ಹಣಬಲ ಇರಲಿಲ್ಲ.

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ

90 ಲಕ್ಷ ಡಾಲರ್ ಎಂದರೆ ನಮಗೆ ತಲೆ ತಿರುಗುವ ಮೊತ್ತ. ಆದರೆ ಪೆಪ್ಸಿಕೋದ 2009ರ ಒಟ್ಟು ವಹಿವಾಟು ಸುಮಾರು 4,300 ಕೋಟಿ ಡಾಲರ್. ಹತ್ತು ಸಾವಿರ ಡಾಲರಿನ ವ್ಯಾಪಾರದಲ್ಲಿ ಲಾಬಿಗೆ ಹೋದದ್ದು ಎರಡು ಡಾಲರ್ ಮಾತ್ರ. ಇನ್ನೊಂದು ರೀತಿಯಲ್ಲಿ ನೋಡೋಣ. ತೆರಿಗೆಯಿಂದ ವರ್ಷಕ್ಕೆ ಸರಾಸರಿ 500 ಕೋಟಿ ಡಾಲರ್ ಬರಬಹುದಿತ್ತು. ಅದನ್ನು ತಡೆಯಲು ಮೂರೂ ಸಂಸ್ಥೆಗಳು ಸೇರಿ ಆ ವರ್ಷ ತೋರಿಸಿದ ಲಾಬಿ ವೆಚ್ಚ ಅದರ ನೂರರಲ್ಲಿ ಒಂದು ಪಾಲಿಗೂ ಕಡಿಮೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೊಸ ಕಾನೂನು ತರುವುದು ಕಷ್ಟ, ಬರುವ ಕಾನೂನನ್ನು ತಡೆಯುವುದು ಸುಲಭ. ಮಸೂದೆ ಎರಡೂ ಸದನಗಳ ಹಲವು ಸಮಿತಿಗಳನ್ನು ದಾಟಬೇಕು. ಎಲ್ಲ ಬಾಗಿಲುಗಳನ್ನೂ ದಾಟಿದರೆ ಮಾತ್ರ ಕಾನೂನು. ತಡೆಯುವವನಿಗೆ ಒಂದು ಬಾಗಿಲು ಮುಚ್ಚಿದರೆ ಸಾಕು. ಲಾಬಿ ಹಣ ಹೆಚ್ಚು ಫಲ ಕೊಡುವುದು ಇಲ್ಲಿಯೇ. ತಡೆದ ಕಾನೂನಿಗೆ ಹೆಸರಿಲ್ಲ, ದಿನಾಂಕವಿಲ್ಲ, ಸಹಿ ಇಲ್ಲ. ಆಗದೇ ಹೋದದ್ದಕ್ಕಾಗಿ ಯಾರೂ ಮತದಾರರ ಮುಂದೆ ಉತ್ತರ ಹೇಳಬೇಕಾಗುವುದಿಲ್ಲ.

ಕಂಪೆನಿಗಳ ವಾದ

ನ್ಯಾಯವಾಗಿ ಹೇಳಬೇಕೆಂದರೆ ಕಂಪೆನಿಗಳ ವಾದವನ್ನೂ ಕೇಳಬೇಕು. ಇಂಥ ತೆರಿಗೆ ಬಡವನ ಜೇಬಿಗೇ ಹೆಚ್ಚು ತಟ್ಟುತ್ತದೆ ಎನ್ನುತ್ತಾರೆ; ಅದು ಪೂರ್ತಿ ಸುಳ್ಳಲ್ಲ. ಬಾಟಲಿ ತುಂಬುವ ಕಾರ್ಖಾನೆಗಳಲ್ಲಿ, ಲಾರಿಗಳಲ್ಲಿ ದುಡಿಯುವವರ ಕೆಲಸದ ಪ್ರಶ್ನೆಯನ್ನು ಮುಂದಿಡುತ್ತಾರೆ. ದಪ್ಪಗಾಗುವುದಕ್ಕೆ ಪಾನೀಯವೊಂದೇ ಕಾರಣವಲ್ಲ, ತಿನ್ನುವುದು ಕುಡಿಯುವುದು ಅವರವರ ಹೊಣೆ ಎನ್ನುತ್ತಾರೆ. ದೇಶ ಆಗ ಆರ್ಥಿಕ ಹಿಂಜರಿತದಲ್ಲಿತ್ತು. ಯಾರ ಒತ್ತಡವೂ ಇಲ್ಲದೆ ಹೊಸ ತೆರಿಗೆಗೆ ಹೆದರಿದ ಸಂಸದರೂ ಇದ್ದಿರಬಹುದು. ಆದುದರಿಂದ ತೆರಿಗೆ ಬಾರದಿರಲು ಲಾಬಿ ಹಣವೊಂದೇ ಕಾರಣ ಎಂದು ನಾವು ಹೇಳುವುದಿಲ್ಲ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಅವರವರ ಹೊಣೆ ಎಂಬ ಮಾತು ಅಷ್ಟರ ಮಟ್ಟಿಗೆ ಸರಿ. ಆದರೆ ಬಲ್ಲವನಾಗಬೇಕಾದರೆ ತಿಳಿಸುವವರು ಬೇಕು. ಇತ್ತ ಆಯ್ಕೆ ನಿಮ್ಮದೇ ಎನ್ನುತ್ತಾ, ಅತ್ತ ಆ ಆಯ್ಕೆಯ ಬೆಲೆಯನ್ನು ನಿರ್ಧರಿಸುವ ಕೊಠಡಿಯಲ್ಲಿ ಕೋಟಿಗಟ್ಟಲೆ ಹಣ ಸುರಿಯುವುದು ಒಂದಕ್ಕೊಂದು ಹೊಂದುವ ಮಾತಲ್ಲ.

ಹಣಕ್ಕೆ ಎಲ್ಲೆಡೆಯೂ ಗೆಲುವು ಸಿಗಲಿಲ್ಲ ಎಂಬುದೂ ಸತ್ಯ. 2014ರ ಜನವರಿಯಿಂದ ಮೆಕ್ಸಿಕೋ ದೇಶ ಲೀಟರಿಗೆ ಒಂದು ಪೆಸೋ ತೆರಿಗೆ ಹಾಕಿತು. ಮೊದಲ ವರ್ಷ ಇಂಥ ಪಾನೀಯಗಳ ಖರೀದಿ ಸರಾಸರಿ ಶೇ. 6ರಷ್ಟು ಇಳಿದಿದೆ, ಬಡ ಕುಟುಂಬಗಳಲ್ಲಿ ಇಳಿಕೆ ಇನ್ನೂ ಹೆಚ್ಚು ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 2014ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ನಗರದ ಮತದಾರರು ಔನ್ಸಿಗೆ ಒಂದು ಸೆಂಟ್ ತೆರಿಗೆಯನ್ನು ಶೇ. 76 ಮತಗಳಿಂದ ಒಪ್ಪಿಕೊಂಡರು. ಅದನ್ನು ಸೋಲಿಸಲು ಉದ್ಯಮ 20 ಲಕ್ಷ ಡಾಲರಿಗೂ ಹೆಚ್ಚು ವೆಚ್ಚ ಮಾಡಿತ್ತು. 2017ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲೂ ತೆರಿಗೆ ಜಾರಿಗೆ ಬಂತು. ಸಾಮಾನ್ಯ ಜನರು ನೇರವಾಗಿ ತೀರ್ಮಾನಿಸಿದಲ್ಲಿ ಹಣದ ಶಕ್ತಿಗೂ ಮಿತಿ ಇದೆ ಎಂದು ಬರ್ಕ್‌ಲಿ ತೋರಿಸಿಕೊಟ್ಟಿತು.

ಇದಕ್ಕೆ ಉದ್ಯಮದ ಉತ್ತರವೂ ತಡವಾಗಲಿಲ್ಲ. 2018ರಲ್ಲಿ ಅದು ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ಸಂಸ್ಥೆಗಳ ಎಲ್ಲ ತೆರಿಗೆ ಏರಿಕೆಯನ್ನೂ ಕಠಿಣಗೊಳಿಸುವ ಜನಮತ ಪ್ರಸ್ತಾವವೊಂದಕ್ಕೆ ಸಹಿ ಸಂಗ್ರಹಿಸಿತು. ಪೊಲೀಸ್, ಅಗ್ನಿಶಾಮಕ ಸೇವೆಗಳಿಗೂ ಹಣದ ಅಡಚಣೆಯಾಗಬಹುದೆಂದು ನಗರಗಳು ಹೆದರಿದವು. ಆ ಪ್ರಸ್ತಾವ ಹಿಂತೆಗೆದುಕೊಳ್ಳುವುದಕ್ಕೆ ಪ್ರತಿಯಾಗಿ, 2030ರ ಕೊನೆಯವರೆಗೆ ಯಾವ ನಗರವೂ ಹೊಸದಾಗಿ ಪಾನೀಯ ತೆರಿಗೆ ಹಾಕಬಾರದೆಂಬ ಕಾನೂನಿಗೆ ರಾಜ್ಯ ಸರಕಾರ ಒಪ್ಪಿತು. ಕೇಂದ್ರ ಮಟ್ಟದಲ್ಲಂತೂ 2009ರ ಪ್ರಸ್ತಾವ ಕಾನೂನಾಗಲೇ ಇಲ್ಲ.

ಕೊನೆಗೆ ಭಾರ ಬಿದ್ದದ್ದು ಯಾರ ಮೇಲೆ?

ಅಮೆರಿಕದಲ್ಲಿ ‘ಸ್ನ್ಯಾಪ್’ ಎಂಬ ಆಹಾರ ನೆರವು ಯೋಜನೆ ಇದೆ. ನಮ್ಮ ಪಡಿತರ ಚೀಟಿಯ ಉದ್ದೇಶವೇ ಅದರದ್ದೂ. ಆದರೆ ಅಕ್ಕಿ ಗೋಧಿಯ ಬದಲು ಕಾರ್ಡಿಗೆ ಹಣ ಹಾಕುತ್ತಾರೆ, ಅಂಗಡಿಯಲ್ಲಿ ಬೇಕಾದ ಆಹಾರ ಕೊಳ್ಳಬಹುದು. 2024ರಲ್ಲಿ ಸುಮಾರು 4 ಕೋಟಿ ಜನರು ಇದನ್ನು ಅವಲಂಬಿಸಿದ್ದರು. ಮದ್ಯ, ತಂಬಾಕು ಬಿಟ್ಟರೆ ತಂಪು ಪಾನೀಯ ಕೊಳ್ಳಲು ಅಡ್ಡಿ ಇರಲಿಲ್ಲ. ಪಾನೀಯವನ್ನು ಪಟ್ಟಿಯಿಂದ ತೆಗೆಯಲು ನ್ಯೂಯಾರ್ಕ್ ನಗರ 2010ರಲ್ಲಿ ಕೇಳಿದಾಗ ಕೇಂದ್ರ ಕೃಷಿ ಇಲಾಖೆ 2011ರಲ್ಲಿ ಅದನ್ನು ನಿರಾಕರಿಸಿತ್ತು.

2025ರ ಮೇ ತಿಂಗಳಲ್ಲಿ ಅದೇ ಇಲಾಖೆ ನಿಲುವು ಬದಲಿಸಿತು. ಸ್ನ್ಯಾಪ್ ಹಣದಿಂದ ತಂಪು ಪಾನೀಯ ಕೊಳ್ಳುವುದನ್ನು 2026ರ ಜನವರಿ 1ರಿಂದ ನಿಷೇಧಿಸಲು ಮೊದಲಿಗೆ ನೆಬ್ರಾಸ್ಕ ರಾಜ್ಯಕ್ಕೆ ಅನುಮತಿ ಸಿಕ್ಕಿತು. ನಂತರ ಇತರ ಹಲವು ರಾಜ್ಯಗಳಿಗೂ ಇಂಥ ಅನುಮತಿ ದೊರೆಯಿತು. ಪಾನೀಯ ಉದ್ಯಮ ಇದನ್ನು ವಿರೋಧಿಸಿತು. ಹಸಿದವರ ಪರ ಕೆಲಸ ಮಾಡುವ ಸಂಘಟನೆಗಳಲ್ಲೂ ಅನೇಕರು ಬೇರೆ ಕಾರಣಕ್ಕೆ ವಿರೋಧಿಸಿದರು. ಬಡವನ ತಟ್ಟೆಯನ್ನು ಮಾತ್ರ ಏಕೆ ಇಣುಕಿ ನೋಡುತ್ತೀರಿ ಎಂಬುದು ಅವರ ಪ್ರಶ್ನೆ.

ಸರಕಾರದ ಹಣದಿಂದ ಸಕ್ಕರೆ ನೀರು ಏಕೆ ಕೊಡಬೇಕು ಎಂಬ ವಾದದಲ್ಲೂ ಹುರುಳಿದೆ. ಆದರೂ ಎರಡು ದಾರಿಗಳ ವ್ಯತ್ಯಾಸವನ್ನು ನೋಡಿ. ಮೂರು ಸೆಂಟಿನ ತೆರಿಗೆ ಬಂದಿದ್ದರೆ ಅದನ್ನು ದೊಡ್ಡ ಬಂಗಲೆಯವನೂ ಕೊಡುತ್ತಿದ್ದ, ಬಾಡಿಗೆ ಕೋಣೆಯವನೂ ಕೊಡುತ್ತಿದ್ದ. ಬಂದ ಹಣ ವಿಮೆ ಇಲ್ಲದವರ ಚಿಕಿತ್ಸೆಗೆ ಹೋಗುತ್ತಿತ್ತು. ಅದು ನಿಂತುಹೋಯಿತು. ಹದಿನಾರು ವರ್ಷಗಳ ನಂತರ ಬಂದ ನಿಷೇಧ ನೆರವಿನ ಕಾರ್ಡು ಹಿಡಿದು ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಮಾತ್ರ. ‘ಬಡ ತಾಯಿಗೆ ಹೊರೆ’ ಎಂಬ ವಾದ ಮುಂದಿಟ್ಟು ತಡೆದ ಕಾನೂನಿನ ಬದಲಿಗೆ, ಬಡ ತಾಯಿಗೆ ಮಾತ್ರ ಅನ್ವಯವಾಗುವ ಕಾನೂನು ಬಂತು. ಎಲ್ಲರೂ ಸ್ವಲ್ಪ ಸ್ವಲ್ಪ ಹೊರಬೇಕಾದ ಭಾರವನ್ನು ಬಲಾಢ್ಯರು ನಿರಾಕರಿಸಿದಾಗ ಅದು ಮಾಯವಾಗುವುದಿಲ್ಲ. ಕೈಲಾಗದವರ ಹೆಗಲಿಗೆ ಜಾರುತ್ತದೆ. ಲಾಬಿ ಹಣದ ಲೆಕ್ಕದಲ್ಲಿ ಎಲ್ಲಿಯೂ ಬರೆಯದ ವೆಚ್ಚ ಇದು.

ಬಡವರ ಪರವಾಗಿಯೂ ಲಾಬಿ ಉಂಟು

ಲಾಬಿ ಎಂಬುದು ಶ್ರೀಮಂತರ ಗುತ್ತಿಗೆ ಎಂದು ತಿಳಿಯಬೇಕಾಗಿಲ್ಲ. 1971ರಲ್ಲಿ ಅಮೆರಿಕದ ಕೆಥೊಲಿಕ್ ಧರ್ಮಭಗಿನಿಯರು ಸೇರಿ ‘ನೆಟ್‌ವರ್ಕ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಬಡವರ ಆಹಾರ, ವಸತಿ, ಆರೋಗ್ಯದ ವಿಷಯಗಳಲ್ಲಿ ಸಂಸದರನ್ನು ಭೇಟಿಯಾಗಿ ಮಾತನಾಡುವುದೇ ಅದರ ಕೆಲಸ. 2010ರ ಮಾರ್ಚಿನಲ್ಲಿ ಆರೋಗ್ಯ ಮಸೂದೆಯ ಪರವಾಗಿ ಸಿಸ್ಟರ್ ಸಿಮೋನ್ ಕ್ಯಾಂಬೆಲ್ ಅವರ ಮುಂದಾಳತ್ವದಲ್ಲಿ ಧರ್ಮಭಗಿನಿಯರ ಪತ್ರ ಸಂಸದರಿಗೆ ತಲುಪಿತು. ಅದೇ ಮಸೂದೆಯನ್ನು ಗರ್ಭಪಾತಕ್ಕೆ ಸಂಬಂಧಿಸಿದ ಆತಂಕದಿಂದ ಅಲ್ಲಿನ ಬಿಷಪರ ಮಂಡಳಿ ವಿರೋಧಿಸಿತ್ತು. ಇಬ್ಬರೂ ತಮ್ಮ ಮಾತನ್ನು ಬಹಿರಂಗವಾಗಿ ಹೇಳಿದರು. ಅಹವಾಲು ಹೇಳುವ ಹಕ್ಕು ಎಲ್ಲರದ್ದು. ತೊಂದರೆ ಇರುವುದು ಹಣದಿಂದಾಗಿ ಒಬ್ಬರ ಧ್ವನಿ ಇನ್ನೊಬ್ಬರ ಧ್ವನಿಯನ್ನು ಮುಳುಗಿಸುವಷ್ಟು ದೊಡ್ಡದಾಗುವುದರಲ್ಲಿ.

ನಮ್ಮ ದೇಶಕ್ಕೆ ಇದರ ನಂಟು

ದೂರದ ಅಮೆರಿಕದ ಲಾಬಿ ಲೆಕ್ಕ ಒಮ್ಮೆ ನಮ್ಮ ಸಂಸತ್ತನ್ನೇ ಅಲುಗಾಡಿಸಿದ್ದುಂಟು. ಅಮೆರಿಕದ ಅತಿ ದೊಡ್ಡ ದಿನಸಿ ವ್ಯಾಪಾರಿಯಾದ ವಾಲ್‌ಮಾರ್ಟ್ ತನ್ನ ವರದಿಗಳಲ್ಲಿ ಬರೆದಿದ್ದ ವಿಷಯಗಳ ಪೈಕಿ ಭಾರತದ ಮಾರುಕಟ್ಟೆಗೆ ಪ್ರವೇಶ ಎಂಬುದೂ ಒಂದಾಗಿತ್ತು. 2008ರಿಂದ ಎಲ್ಲ ವಿಷಯಗಳಿಗೂ ಸೇರಿ ಅದು ತೋರಿಸಿದ್ದ ವೆಚ್ಚ ಸುಮಾರು 2 ಕೋಟಿ 50 ಲಕ್ಷ ಡಾಲರ್. ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಬಂಡವಾಳಕ್ಕೆ ನಮ್ಮ ಲೋಕಸಭೆ ಸಮ್ಮತಿ ಸೂಚಿಸಿದ 2012ರ ಡಿಸೆಂಬರಿನಲ್ಲೇ ಈ ಸುದ್ದಿ ಸ್ಫೋಟಿಸಿ, ಕಲಾಪ ಸ್ಥಗಿತಗೊಂಡಿತು. ಅದು ಅಮೆರಿಕದಲ್ಲೇ, ಅಲ್ಲಿನ ಕಾನೂನಿನಂತೆ ಮಾಡಿದ ವೆಚ್ಚ ಎಂದು ಕಂಪೆನಿ ವಿವರಿಸಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಏಕಸದಸ್ಯ ಸಮಿತಿ ವಿಚಾರಣೆ ನಡೆಸಿ 2013ರಲ್ಲಿ ವರದಿ ಕೊಟ್ಟರೂ ಖಚಿತವಾದ ತೀರ್ಮಾನವೇನೂ ಹೊರಬರಲಿಲ್ಲ.

ನಮ್ಮ ಸಂಸದರಿಗೆ ಸುದ್ದಿ ಸಿಕ್ಕಿದ್ದು ಅಮೆರಿಕದ ಕಡತದಿಂದ. ಏಕೆಂದರೆ ಲಾಬಿ ವೆಚ್ಚವನ್ನು ಬಹಿರಂಗಪಡಿಸಬೇಕೆಂಬ ಕಾನೂನು ನಮ್ಮಲ್ಲಿ ಇರಲಿಲ್ಲ. 2013ರಲ್ಲಿ ಒಡಿಶಾದ ಸಂಸದ ಕಾಳಿಕೇಶ್ ಸಿಂಗ್ ದೇವ್ ಖಾಸಗಿ ಮಸೂದೆ ಮಂಡಿಸಿದರು, ಅದು ಕಾನೂನಾಗಲಿಲ್ಲ. ಅಮೆರಿಕದ ಕಿಟಕಿ ಸಣ್ಣದು ಎಂದು ನಾವು ಮೇಲೆ ಹೇಳಿದೆವು. ನಮ್ಮ ಗೋಡೆಯಲ್ಲಿ ಅಷ್ಟೂ ಕಿಟಕಿ ಇಲ್ಲ.

ಇದರ ಅಗತ್ಯ ನಮಗೂ ಇದೆ. ಸೋಡಾ ತುಂಬಿದ ಪಾನೀಯಗಳಿಗೆ 2017ರಿಂದ ಶೇ. 28 ಜಿಎಸ್‌ಟಿ ಮತ್ತು ಶೇ. 12 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಒಟ್ಟಾಗಿ ಶೇ. 40 ಜಿಎಸ್‌ಟಿ ಆಯಿತು. ಅಮೆರಿಕ ಮಾಡದ್ದನ್ನು ನಾವು ಮಾಡಿದ್ದೇವೆ ಎನ್ನಬಹುದು. ಆದರೆ ಈ ತೆರಿಗೆ ಪಾನೀಯದ ವರ್ಗವನ್ನು ನೋಡುತ್ತದೆಯೇ ಹೊರತು ಅದರಲ್ಲಿನ ಸಕ್ಕರೆಯ ಪ್ರಮಾಣವನ್ನು ನೋಡುವುದಿಲ್ಲ. ಇನ್ನು ಪೊಟ್ಟಣದ ಮುಂಭಾಗದಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ಬಗ್ಗೆ ಸುಲಭವಾಗಿ ತಿಳಿಯುವ ಗುರುತು ಹಾಕುವ ವಿಷಯ. 2022ರ ಸೆಪ್ಟೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ನಕ್ಷತ್ರಗಳನ್ನು ಕೊಡುವ ಕರಡನ್ನು ಪ್ರಕಟಿಸಿತು. ನಕ್ಷತ್ರ ಬೇಡ, ನೇರವಾದ ಎಚ್ಚರಿಕೆ ಬೇಕು ಎಂದು ಆರೋಗ್ಯ ಕ್ಷೇತ್ರದ ಹಲವರು ಕೇಳಿದರು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವು ಕೊಟ್ಟು ತಜ್ಞರ ಸಮಿತಿಯ ಶಿಫಾರಸು ಕೇಳಬೇಕಾಯಿತು. ಎರಡೂವರೆ ವರ್ಷ ಯಾರು ಯಾರನ್ನು ಭೇಟಿಯಾದರು, ಏನು ಹೇಳಿದರು ಎಂದು ತೋರಿಸುವ ಕಡತ ನಮ್ಮ ಮುಂದಿಲ್ಲ.

ಓದುಗರಲ್ಲಿ ನಮ್ಮದೊಂದು ಮನವಿ. ಸರಕಾರ ಕರಡು ನಿಯಮ ಪ್ರಕಟಿಸಿದಾಗ ಸಾರ್ವಜನಿಕರ ಅಭಿಪ್ರಾಯಕ್ಕೆ ದಿನ ಗೊತ್ತುಪಡಿಸುತ್ತದೆ. ಕಂಪೆನಿಗಳು ಆ ದಿನವನ್ನು ತಪ್ಪಿಸಿಕೊಳ್ಳುವುದಿಲ್ಲ, ತಪ್ಪಿಸಿಕೊಳ್ಳುವವರು ನಾವು. ಮಹಿಳಾ ಸಂಘಟನೆ, ಯುವ ಸಂಘಟನೆ, ಧರ್ಮಕೇಂದ್ರದ ಪಾಲನಾ ಮಂಡಳಿ ಇಂಥ ಕರಡನ್ನು ಒಂದು ಸಭೆಯಲ್ಲಿ ಓದಿ ಒಂದು ಪುಟದ ಪತ್ರ ಬರೆಯುವುದಕ್ಕೆ ಲಕ್ಷ ಡಾಲರ್ ಬೇಕಾಗಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ನಮ್ಮ ಕೈಯಲ್ಲಿದೆ. ಕರಡಿಗೆ ಬಂದ ಆಕ್ಷೇಪಗಳು ಯಾರವು, ಯಾವುದನ್ನು ಒಪ್ಪಲಾಯಿತು ಎಂದು ಕೇಳಬಹುದು. ಅಮೆರಿಕದಲ್ಲಿ ನೆಲೆಸಿ ಅಲ್ಲಿ ಮತದ ಹಕ್ಕು ಪಡೆದಿರುವ ನಮ್ಮ ಕರಾವಳಿಯ ಬಂಧುಗಳು ತಮ್ಮ ಸಂಸದರನ್ನು ಕೇಳಬಹುದು. ದುಡ್ಡಿದ್ದವರು ತಮಗಾಗಿ ಮಾತನಾಡಲು ಜನರನ್ನು ನೇಮಿಸಿಕೊಳ್ಳುತ್ತಾರೆ. ನೇಮಿಸಿಕೊಳ್ಳಲಾಗದವರ ಪರವಾಗಿ ನಾವೇ ಮಾತನಾಡದಿದ್ದರೆ ಆ ಕೊಠಡಿಯಲ್ಲಿ ಅವರ ಹೆಸರು ಎತ್ತುವವರು ಯಾರೂ ಇರುವುದಿಲ್ಲ.